ಮಲ್ಲೇಶಪ್ಪನವರ ಫೋನು ತೆರೆದದ್ದು

ಮೂರನೆಯ ಸಲವೂ ಬೆರಳು ನಡೆಯಲಿಲ್ಲ.

ಕೊಟ್ಟೂರೇಶ್ ತನ್ನ ಮಾವನ ಬಲಗೈ ಹೆಬ್ಬೆರಳನ್ನು ಪಂಚೆಯಲ್ಲಿ ಒರೆಸಿದ, ಬಾಯಿಂದ ಊದಿ ಬಿಸಿ ಮಾಡಿದ, ಮತ್ತೆ ಫೋನಿಗೆ ಒತ್ತಿದ. ಫೋನು ಗುರ್ರೆಂದು ನಡುಗಿ ಸುಮ್ಮನಾಯಿತು. ಸತ್ತು ನಾಲ್ಕು ಗಂಟೆಯಾದ ಬೆರಳನ್ನು ಅದು ಒಪ್ಪಲು ತಯಾರಿರಲಿಲ್ಲ. ಎಡಗೈ ಬೆರಳು ಕೊಟ್ಟಿದ್ದರೋ ಏನೋ ಎಂದು ಯಾರೋ ಅಂದರು. ಎಡಗೈಯಲ್ಲಿ ಇಷ್ಟಲಿಂಗವಿತ್ತು. ಅದನ್ನು ಸರಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಹರಿಹರದ ಆ ಮನೆಯ ಪಡಸಾಲೆಯಲ್ಲಿ ಮಲ್ಲೇಶಪ್ಪನವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ. ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ಐದಕ್ಕೆ ಮಣ್ಣು. ನೆಂಟರ ನಂಬರುಗಳೆಲ್ಲ ಆ ಫೋನಿನಲ್ಲೇ ಇದ್ದವು. ಅದರ ಪಿನ್ನು ಅವರ ಜೊತೆಗೇ ಹೋಗಿತ್ತು.

ಮಗ ನಾಗಭೂಷಣ್ ಕಂಬಕ್ಕೆ ಒರಗಿ ನೋಡುತ್ತಿದ್ದ. ದಾವಣಗೆರೆಯ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು, ಮನೆ ಸರಸ್ವತಿ ನಗರದಲ್ಲಿ. ಬೆರಳು ಸೋತಾಗಲೆಲ್ಲ ಅವನಿಗೆ ಸಮಾಧಾನವಾಗುತ್ತಿತ್ತು. ಆ ಸಮಾಧಾನಕ್ಕೆ ನಾಚಿಕೆಯೂ ಆಗುತ್ತಿತ್ತು, ಆದರೆ ಸಮಾಧಾನವೇ ಹೆಚ್ಚು.

ಬೆಳಿಗ್ಗೆ ಎಂಟೂ ನಲವತ್ತಕ್ಕೆ ಅಪ್ಪ ಫೋನ್ ಮಾಡಿದ್ದರು. ನಾಲ್ಕು ಸಲ. ಅವನು ಚಹಾ ಕುಡಿಯುತ್ತ, ಮೇಜಿನ ಮೇಲೆ ಅದು ಅದುರುವುದನ್ನು ನೋಡುತ್ತ ಕೂತಿದ್ದ. ಕೆಲಸವೇನೂ ಇರಲಿಲ್ಲ. ಎತ್ತಿದರೆ ಯಾವಾಗ ಬರುತ್ತೀಯೆಂದು ಕೇಳುತ್ತಾರೆ, ಒಂದು ಸುಳ್ಳು ಹೇಳಬೇಕು, ಅಷ್ಟೇ ಬೇಸರ. ನಾಲ್ಕನೆಯದನ್ನು ಕಟ್ ಮಾಡಿದ. ಒಂಬತ್ತೂವರೆಗೆ ತಂಗಿ ಅಕ್ಕನಾಗಮ್ಮ ಫೋನ್ ಮಾಡಿ ಅಪ್ಪ ಹೋದರೆಂದು ಅತ್ತಳು.

ಬರುವಾಗ ಬಸ್ಸಿನಲ್ಲೇ ಆ ನಾಲ್ಕು ಕರೆಗಳನ್ನು ತನ್ನ ಫೋನಿನಿಂದ ಅಳಿಸಿದ. ಬಂದವನೇ ತಂಗಿಯ ಕೈ ಹಿಡಿದು, ಅಪ್ಪ ಒಂದು ಫೋನ್ ಮಾಡಿದ್ದರೆ ಹಾರಿ ಬರುತ್ತಿದ್ದೆ ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರುಂಟು. ಇವನು ಯಾರೂ ಅನ್ನುವ ಮೊದಲೇ ಮುಟ್ಟಿಕೊಂಡಿದ್ದ.

“ಮುಖದ ಲಾಕೂ ಐತೆ ಭಾವ,” ಎಂದ ಕೊಟ್ಟೂರೇಶ್. “ಅಂಗಡ್ಯಾಗೆ ನಾನೇ ಹಾಕ್ಸಿದ್ದೆ. ವಿಭೂತಿ ಒರೆಸಿದ್ರೆ ತಗಂತೈತೆ.”

“ಬ್ಯಾಡ.” ನಾಗಭೂಷಣನ ದನಿ ಅವನೆಣಿಸಿದ್ದಕ್ಕಿಂತ ದೊಡ್ಡದಾಯಿತು. “ಲಿಂಗೈಕ್ಯ ಆದೋರ ಹಣೆ ಒರೆಸ್ತೀರಾ?”

ಪಡಸಾಲೆಯೇ ತಲೆದೂಗಿತು. ಮೂವತ್ತು ವರ್ಷ ಹಣೆಗೆ ವಿಭೂತಿ ಸೋಕಿಸದವನ ಬಾಯಲ್ಲಿ ಇಂಥ ಮಾತು. ಚಿಕ್ಕಪ್ಪ ಮುರುಗೇಶಪ್ಪನವರಿಗೆ ಕಣ್ಣೀರೇ ಬಂತು. ರಕ್ತ ಎಲ್ಲಿಗೆ ಹೋಗುತ್ತದೆ ಎಂದರು. ತನ್ನ ನಾಟಕ ಇಷ್ಟು ಸಲೀಸಾಗಿ ನಡೆದದ್ದಕ್ಕೆ ಅವನಿಗೇ ಹೇಸಿಗೆಯಾಯಿತು. ಒಳಗಿಟ್ಟು ಬರುತ್ತೇನೆಂದು ಫೋನು ಇಸಿದುಕೊಂಡ. ಸ್ವಿಚ್ ಆಫ್ ಮಾಡಿದರೆ ಮುಗಿಯಿತು. ಗುಂಡಿ ಹುಡುಕಲು ಮುಖದೆದುರು ಹಿಡಿದ.

ಫೋನು ತೆರೆದುಕೊಂಡಿತು.

ಕೆಟ್ಟಿರಬೇಕೆಂದು ಮುಚ್ಚಿದ, ಮತ್ತೆ ಹಿಡಿದ. ಮತ್ತೆ ತೆರೆಯಿತು. ಅಪ್ಪನ ಹಾಗೆ ಕೂರಬಾರದು, ಅಪ್ಪನ ಹಾಗೆ ನಗಬಾರದು ಎಂದು ಹದಿನಾರನೆಯ ವಯಸ್ಸಿನಿಂದ ತನ್ನನ್ನು ತಾನೇ ತಿದ್ದಿಕೊಂಡು ಬಂದವನು ಅವನು. ಅಗ್ಗದ ಒಂದು ಯಂತ್ರ ಅರೆಗಳಿಗೆಯೂ ಅನುಮಾನಿಸಲಿಲ್ಲ. ತಾನು ಅಪ್ಪನಲ್ಲವೆಂದು ಅದಕ್ಕೆ ಹೇಗೆ ಹೇಳಬೇಕೋ ಅವನಿಗೆ ತಿಳಿಯಲಿಲ್ಲ.

“ತೆಗೀತಾ?” ಅಕ್ಕನಾಗಮ್ಮ ಬಗಲಲ್ಲೇ ಇದ್ದಳು. ಫೋನು ಅವಳ ಕೈಗೆ ಹೋಯಿತು. ಕರೆಗಳ ಪಟ್ಟಿ ತೆರೆದಳು. ಎಲ್ಲಕ್ಕಿಂತ ಮೇಲೆ ಅಣ್ಣನ ಹೆಸರು, ಪಕ್ಕದಲ್ಲಿ ನಾಲ್ಕು ಎಂಬ ಅಂಕಿ, ಕೆಳಗೆ ಹೊತ್ತು.

ಅವಳು ತಲೆಯೆತ್ತಲಿಲ್ಲ.

“ನಾ ಹಿತ್ಲಾಗೇ ಇದ್ದೆ,” ಎಂದಳು ಮೆಲ್ಲಗೆ. “ವಾಷಿಂಗ್ ಮಷೀನ್ ಸದ್ದಿಗೆ ಅಪ್ಪ ಕೂಗಿದ್ದು ಕೇಳ್ಸಿಲ್ಲ. ನೀ ಎತ್ತಿ ನಂಗೊಂದು ಮಾತು ಹೇಳಿದ್ರೆ ಸಾಕಿತ್ತು.”

“ಸೈಲೆಂಟ್ ಇತ್ತು.”

“ಆಗ್ಲಿ.”

ಅವಳು ಯಾರಿಗೂ ಹೇಳಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಇದನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಉಕ್ಕಡಗಾತ್ರಿಯ ಸೋದರತ್ತೆಗೆ, ಆವರಗೆರೆಯ ಬೀಗರಿಗೆ, ಒಬ್ಬೊಬ್ಬರಿಗೇ ಸುದ್ದಿ ಮುಟ್ಟಿಸುತ್ತ ಹೋದಳು. ನಡುನಡುವೆ ಫೋನು ಮುಚ್ಚಿಕೊಳ್ಳುತ್ತಿತ್ತು. ಆಗೆಲ್ಲ ಅವನಿದ್ದಲ್ಲಿಗೆ ಬಂದು ಮುಖಕ್ಕೆ ಹಿಡಿಯುತ್ತಿದ್ದಳು. “ಮುಖ ತೋರ್ಸು.” ಅಣ್ಣ ಅನ್ನುವುದನ್ನು ಬಿಟ್ಟಿದ್ದಳು.

ಒಂದೊಂದು ಕರೆಗೂ ಅವನ ಹೆಸರು ಒಂದು ಸಾಲು ಕೆಳಗಿಳಿಯುತ್ತಿತ್ತು. ಮೂರು ಗಂಟೆಯ ಹೊತ್ತಿಗೆ ತೆರೆಯ ಆಚೆಗೆ ಜಾರಿಹೋಯಿತು. ಮೈ ಹಗುರಾಯಿತು. ಹಗುರಾದದ್ದು ಗೊತ್ತಾಗಿ ಬೆಚ್ಚಿಬಿದ್ದ.

ನಾಲ್ಕೂವರೆಗೆ ಭಜನೆಯವರು ಬಂದರು. ಅಂಗಳದಲ್ಲಿ ಹೂ ಕಟ್ಟಿದ ವಿಮಾನ ಕಾದಿತ್ತು. ಅದರಲ್ಲಿ ಕೂರಿಸಲು ನಾಲ್ವರು ಅಪ್ಪನನ್ನು ಎತ್ತಿಕೊಂಡು ಹೋದರು. ಗೋಡೆಯ ಬಳಿ ಜಾಗ ತೆರವಾಯಿತು. ನಾಗಭೂಷಣ್ ಅಲ್ಲೇ ಗೋಡೆಗೆ ಒರಗಿ ಕುಸಿದು ಕೂತ.

ಅಕ್ಕನಾಗಮ್ಮ ಫೋನು ಹಿಡಿದು ಬಂದಳು. ಇನ್ನೊಬ್ಬರಿಗೆ ಹೇಳುವುದು ಉಳಿದಿತ್ತಂತೆ. ಅವನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ. ಕಣ್ಣು ಮುಚ್ಚಿದ ಮುಖವನ್ನು ಫೋನು ಒಪ್ಪುವುದಿಲ್ಲ. ಅದು ಗುರ್ರೆಂದಿತು, ಮತ್ತೊಮ್ಮೆ ಗುರ್ರೆಂದಿತು. ಅವಳು ಕರೆಯಲಿಲ್ಲ, ಹೋಗಲೂ ಇಲ್ಲ. ಹೊರಗೆ ತಾಳ ಶುರುವಾಯಿತು.

ವಿಭೂತಿ ಹತ್ತಿದ ಎರಡು ಬೆರಳು ಅವನ ರೆಪ್ಪೆ ಮುಟ್ಟಿದವು, ಮೆತ್ತಗೆ ಮೇಲಕ್ಕೆತ್ತಿದವು. ಕಣ್ಣಿನ ತುಂಬ ಬೆಳಕು ಬಿತ್ತು, ಫೋನು ತೆರೆಯಿತು.

ಅವಳು ಆ ರೆಪ್ಪೆಯನ್ನು ಕೆಳಗೆಳೆದು ಮುಚ್ಚಿ, ಎದ್ದು ಹೋದಳು.