ಅಂಚಿಗೆ ಎರಡು ಪೆಟ್ಟು

ಹದಿನಾಲ್ಕನೆಯದರಲ್ಲೂ ಇರಲಿಲ್ಲ.

ಸಾದಿಕ್ ಇಯರ್‌ಫೋನ್ ಕಿತ್ತು, ಬಸ್ ಟಿಕೆಟ್‌ನ ಹಿಂಬದಿಯಲ್ಲಿ ಕೊನೆಯ ಗೆರೆ ಎಳೆದ. ಚನ್ನಗಿರಿಯಲ್ಲಿ ಬಸ್ ಹತ್ತಿದಾಗ ಮೊದಲ ಹಾಡು ಹಾಕಿದ್ದ. ಸಾಸ್ವೆಹಳ್ಳಿ ದಾಟುವ ಹೊತ್ತಿಗೆ ಒಂಬತ್ತೂ ಮುಗಿದಿದ್ದವು. ಒಂಬತ್ತು ಹಾಡುಗಳಲ್ಲಿ ಹದಿನಾಲ್ಕು ಕಡೆ ವಾದ್ಯಗಳೆಲ್ಲ ಗಕ್ಕನೆ ನಿಂತು ಮತ್ತೆ ಶುರುವಾಗುತ್ತಿದ್ದವು. ಆ ಹದಿನಾಲ್ಕರಲ್ಲಿ ಒಂದು ಕಡೆಯೂ ಅವನ ಎರಡು ಪೆಟ್ಟು ಕೇಳಲಿಲ್ಲ. ಡ್ರಮ್ಸ್ ಬಾರಿಸಿದ್ದು ಸಾದಿಕ್ ಎಂದು ಆಲ್ಬಮ್‌ನ ಹೊದಿಕೆಯಲ್ಲಿ ಬರೆದಿತ್ತು. ಸಾದಿಕ್‌ಗೆ ಮಾತ್ರ ಅದರಲ್ಲಿ ನಂಬಿಕೆ ಹುಟ್ಟಲಿಲ್ಲ.

ಅವನಿರುವ ‘ರೋಣಗಲ್ಲು’ ಎಂಬ, ಕಿವಿ ಗಡಚಿಕ್ಕುವ ಥ್ರ್ಯಾಶ್ ಮೆಟಲ್ ಬ್ಯಾಂಡಿಗೆ ಇದು ಮೂರನೇ ಆಲ್ಬಮ್. ಮೊದಲನೆಯದಾದ ‘ತೂಬು’ ಆರು ವರ್ಷದ ಹಿಂದೆ ನ್ಯಾಮತಿಯ ಖಾಲಿ ಮೆಕ್ಕೆಜೋಳದ ಗೋದಾಮಿನಲ್ಲಿ ಮೂರು ದಿನದಲ್ಲಿ ರೆಕಾರ್ಡ್ ಆಗಿತ್ತು. ಗಿಟಾರ್ ಮತ್ತು ಹಾಡು ಜಗಳೂರಿನ ಕೆಂಚೇಶನದು. ಬೇಸ್ ಗಿಟಾರ್ ಸಂಧ್ಯಾರಾಣಿಯದು. ಗೋದಾಮು ಅವಳ ಮಾವನದಾಗಿತ್ತು. ಜೋಳದ ದೂಳಿಗೆ ಕೆಂಚೇಶ್ ಕೆಮ್ಮಿದ್ದೂ ಒಂದು ಹಾಡಿನಲ್ಲಿ ಉಳಿದುಕೊಂಡಿದೆ. ಊರಿನವರು ಅದನ್ನು ಕೇಳಿ ಯಾರಿಗೋ ಮೈಮೇಲೆ ಬಂದಿದೆ ಎಂದು ನಕ್ಕರು. ಎಂಟು ತಿಂಗಳ ಮೇಲೆ ಪೋಲೆಂಡಿನ ಒಬ್ಬ ಅದರ ಬಗ್ಗೆ ಉದ್ದಕ್ಕೆ ಬರೆದ. ಕೆರೆ ತುಂಬಿ ಹರಿದ ವರ್ಷ ಎರಡನೆಯದು ಬಂತು, ‘ಕೋಡಿ’. ಪುಣೆಯಲ್ಲಿ ನಾಲ್ಕು ಸಾವಿರ ಜನ ಅರ್ಥ ಗೊತ್ತಿಲ್ಲದ ಕನ್ನಡವನ್ನು ಕೆಂಚೇಶನ ಜೊತೆ ಕಿರುಚಿದರು. ಈಗ ‘ಹೂಳು’. ಬಿಡುಗಡೆ ಶುಕ್ರವಾರ, ಜುಲೈನಲ್ಲಿ ಜರ್ಮನಿಯ ಉತ್ಸವ.

ಆ ಎರಡು ಪೆಟ್ಟನ್ನು ಮೊದಲು ಗುರುತಿಸಿದ್ದೂ ಕೇಳುಗರೇ. ಹಾಡು ನಿಂತು ಮತ್ತೆ ಶುರುವಾಗುವ ಮುಂಚೆ ಸಾದಿಕ್ ಡ್ರಮ್ಮಿನ ಅಂಚಿಗೆ ಕೋಲಿನಿಂದ ಎರಡು ಸಲ ತಟ್ಟುತ್ತಿದ್ದ. ಟಕ್, ಟಕ್. ‘ತೂಬು’ವಿನಲ್ಲಿ ಒಂಬತ್ತು ಕಡೆ, ‘ಕೋಡಿ’ಯಲ್ಲಿ ಹನ್ನೊಂದು ಕಡೆ. ಜನ ಆ ಜಾಗಕ್ಕೆ ಕಾದು ಎರಡು ಚಪ್ಪಾಳೆ ಹೊಡೆಯಲು ಶುರು ಮಾಡಿದರು. ಟಿ-ಶರ್ಟಿನ ಮೇಲೆ ಎರಡು ಕೋಲು ಬಂದವು. ಇದೆಲ್ಲಿಂದ ಬಂತು ಎಂದು ಸಂದರ್ಶನಗಳಲ್ಲಿ ಕೇಳಿದರೆ ಸಾದಿಕ್ ಹೆಗಲು ಕುಣಿಸುತ್ತಿದ್ದ.

ಅದು ಬಂದದ್ದು ಅವನ ಅಪ್ಪ ಕರೀಮ್‌ನಿಂದ. ಚನ್ನಗಿರಿಯಲ್ಲಿ ಮದುವೆಗೆ ಬಾರಿಸುವ ಬ್ಯಾಂಡ್‌ಸೆಟ್ ಕರೀಮ್‌ನದು. ದಿಬ್ಬಣ ಸಾವಿನ ಮನೆಯ ಮುಂದೆ ಬಂದರೆ ಬಾಜಾ ನಿಲ್ಲಬೇಕು. ದಿಬ್ಬಣದ ಕೊನೆಯ ಮನುಷ್ಯ ಆ ಮನೆ ದಾಟಿದ ಮೇಲೆ, ಎಲ್ಲರಿಗಿಂತ ಮುಂದಿರುವ ಸೈಡ್ ಡ್ರಮ್ಮಿನವನು ಅಂಚಿಗೆ ಎರಡು ಪೆಟ್ಟು ಕೊಟ್ಟರೆ ಬಾಜಾ ಮತ್ತೆ ಏಳುತ್ತದೆ. ಆದರೆ ಅವನು ಹಿಂದೆ ತಿರುಗುವಂತಿಲ್ಲ. ಅತ್ತುಕೊಂಡು ಕೂತವರ ಮುಖ ನೋಡಬಾರದು ಎನ್ನುವುದು ಕರೀಮ್‌ನ ಕಟ್ಟಳೆ. ಬೆನ್ನ ಹಿಂದಿನ ಹೆಜ್ಜೆ ಸಪ್ಪಳದಲ್ಲೇ ಕೊನೆಯವರು ದಾಟಿದ್ದು ತಿಳಿಯಬೇಕು. ಸಾದಿಕ್ ಹನ್ನೊಂದನೇ ವಯಸ್ಸಿನಿಂದ ಆ ಜಾಗದಲ್ಲಿ ನಡೆದವನು.

ಅನುಮಾನಕ್ಕೆ ಬೇರೆ ಕಾರಣಗಳೂ ಇದ್ದವು. ಎರಡು ತಿಂಗಳಿಂದ ಕೆಂಚೇಶ್ ತಾನಾಗಿ ಫೋನ್ ಮಾಡಿರಲಿಲ್ಲ. ಮಿಕ್ಸಿಂಗ್‌ಗೆ ಬರುತ್ತೇನೆಂದರೆ, “ಬ್ಯಾಡ ಬಿಡಲೇ, ಸುಮ್ನೆ ಯಾಕೆ ಅಲೀತಿ” ಎಂದಿದ್ದ. ಜರ್ಮನಿಯ ಅರ್ಜಿಯಲ್ಲಿ ಹೆಸರುಗಳನ್ನು ತಾನೇ ತುಂಬುತ್ತೇನೆ ಎಂದಿದ್ದ. ಮಾರ್ಚ್‌ನಲ್ಲಿ ಯಾರೋ ಹಾಕಿದ ಫೋಟೋದಲ್ಲಿ ಅವನ ಪಕ್ಕ ಪುಣೆಯ ಒಬ್ಬ ಡ್ರಮ್ಮರ್ ಕೂತಿದ್ದ, ಕೈಯಲ್ಲಿ ಕೋಲು. ಒಂದೊಂದನ್ನೇ ನೋಡಿದರೆ ಏನೂ ಅಲ್ಲ. ನಾಲ್ಕನ್ನೂ ಜೋಡಿಸಿದರೆ, ತಾನು ಬಾರಿಸಿದ್ದನ್ನು ಅಳಿಸಿ ‘ಹೂಳು’ವಿಗೆ ಮತ್ತೆ ಬಾರಿಸಿದ್ದು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗುತ್ತಿತ್ತು.

ಸಾದಿಕ್ ಬಸ್ಸಿಳಿದು ಹೊನ್ನಾಳಿಯ ಸ್ಟುಡಿಯೋಗೆ ಬಂದಾಗ ಅದನ್ನು ನಡೆಸುವ ಅರುಣ್ ಕುಮಾರ್ ಕಸದ ಗಾಡಿಯ ಪ್ರಕಟಣೆ ರೆಕಾರ್ಡ್ ಮಾಡುತ್ತಿದ್ದ. ‘ಹೂಳು’ವಿಗೆ ಸಾದಿಕ್ ಡ್ರಮ್ಸ್ ಬಾರಿಸಿದ್ದೂ ಇದೇ ಕೋಣೆಯಲ್ಲಿ.

“ಏನ್ ಸ್ಟಾರು, ಹೇಳದೆ ಕೇಳದೆ ಬಂದ್ಬಿಟ್ಟೆ? ಹಸಿ ಕಸಕ್ಕೆ ಒಂದು ಬೀಟ್ ಹಾಕಿ ಹೋಗು.”

“ಅರುಣಣ್ಣ, ಹೊಸಾದ್ರದ್ದು ಡ್ರಮ್ಸ್ ಕೇಳ್ಬೇಕಿತ್ತು. ಬರೀ ನಂದು.”

ಅರುಣ್ ಕುಮಾರ್ ಮೌಸ್ ಮೇಲಿದ್ದ ಕೈ ತೆಗೆದ. “ಈಗ್ಯಾಕೆ? ಮುಗಿದೋಗೈತಲ್ಲ.”

“ಮುಗಿದಿರೋದನ್ನೇ ಕೇಳಾಕೆ ಬಂದಿರೋದು.”

“ಕೆಂಚೇಶನಿಗೆ ಒಂದು ಮಾತು ಹೇಳ್ತೀನಿ, ತಡಿ.”

“ನನ್ನ ಕೈ ಕೇಳಾಕೆ ಅವನ ಪರ್ಮಿಶನ್ ಬೇಕಾ?”

ಅರುಣ್ ಕುಮಾರ್ ಫೈಲ್ ತೆರೆದ. ಪರದೆಯ ಮೇಲೆ ಒಂದೊಂದು ಸದ್ದಿಗೆ ಒಂದೊಂದರಂತೆ ಸಾಲು ಸಾಲು ಪಟ್ಟಿಗಳು ಬಂದವು. ಸಾದಿಕ್ ಬಗ್ಗಿ ಒಂದೊಂದರ ಹೆಸರನ್ನೂ ಓದಿದ. ಎಲ್ಲಕ್ಕಿಂತ ಕೆಳಗೆ, ಸದ್ದು ಅಡಗಿಸಿ ಬೂದು ಬಣ್ಣಕ್ಕೆ ತಿರುಗಿಸಿದ ಒಂದು ಪಟ್ಟಿ ಇತ್ತು. ಹೆಸರು ‘ಸಾದಿಕ್ ಟಕ್’. ಅದರಲ್ಲಿ ಹದಿನಾಲ್ಕು ಜೋಡಿ ಚುಕ್ಕಿ.

“ಇದೇನಣ್ಣ? ನಂದು ಕತ್ತರಿಸಿ ಇಲ್ಲಿ ಮುಚ್ಚಿಟ್ಟೀರಿ ಅಲ್ವಾ?”

“ಅದು ಹಂಗಲ್ಲಪ್ಪ.”

“ಹೆಂಗೆ ಮತ್ತೆ?”

ಅರುಣ್ ಕುಮಾರ್ ಕೆಂಚೇಶನಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದ. ಆಚೆ ವೆಲ್ಡಿಂಗ್‌ನ ಚರಚರ ಕೇಳಿಸಿತು. ಕೆಂಚೇಶ್ ಜಗಳೂರಿನಲ್ಲಿ ಅಣ್ಣನ ಅಂಗಡಿಯಲ್ಲಿದ್ದ. ವಿಷಯ ಕೇಳಿದ ಮೇಲೆ ಅವನು ಎದ್ದು ಹೊರಗೆ ಬಂದಿರಬೇಕು, ಸದ್ದು ದೂರವಾಯಿತು.

“ಲೇ ಸಾದಿಕ್, ಅದು ‘ಕೋಡಿ’ದು ಕಣಲೇ. ಅಲ್ಲಿಂದ ತೆಗೆದು ಇದಕ್ಕೆ ಅಂಟಿಸಾಕೆ ನಾನೇ ಹೇಳಿದ್ದೆ. ಒಂದು ದಿನ ಕೇಳಿದೆ, ತಡಿಯಾಕೆ ಆಗ್ಲಿಲ್ಲ. ಕಳ್ಳ ಮಾಲು ಅನ್ನಿಸ್ತು. ತೆಗೆಸಿದೆ.”

“ನಂದ್ಯಾಕೆ ತೆಗೆದ್ರಿ ಮೊದಲು?”

“ನಿಂದು ತೆಗೆದಿಲ್ಲ.”

“ಪುಣೆಯವನು ಯಾಕೆ ಬಂದಿದ್ದ?”

“ಅವನಿಂದನಾದ್ರೂ ಆ ಎರಡು ಪೆಟ್ಟು ಹೊಡೆಸಾಕಾಗ್ತದಾ ಅಂತ ನೋಡಿದೆ. ಅವನ ಕೈಲೂ ಬರ್ಲಿಲ್ಲ. ಅರುಣಣ್ಣ, ಆ ವಿಡಿಯೋ ತೋರಿಸಿಬಿಡು ಅವನಿಗೆ.”

ರೆಕಾರ್ಡಿಂಗ್ ಮಾಡುವಾಗ ಅರುಣ್ ಕುಮಾರ್ ಮೂಲೆಯಲ್ಲಿ ಒಂದು ಫೋನ್ ನಿಲ್ಲಿಸಿ ವಿಡಿಯೋ ತೆಗೆದಿಡುವುದು ರೂಢಿ. ಅದರಲ್ಲಿ ಸಾದಿಕ್ ಬಾರಿಸುತ್ತಿದ್ದ. ಕಿವಿಯಲ್ಲಿ ಇಯರ್‌ಫೋನ್. ಈ ಸಲ ಮೂವರೂ ಬೇರೆ ಬೇರೆ ದಿನ ರೆಕಾರ್ಡ್ ಮಾಡಿದ್ದರಿಂದ ತಾಳ ಎಣಿಸುವ ಯಂತ್ರದ ಕ್ಲಿಕ್ ಕೇಳಿಕೊಂಡೇ ಬಾರಿಸಬೇಕಿತ್ತು. ನಿಮಿಷಕ್ಕೆ ಇನ್ನೂರ ಎಂಟು ಕ್ಲಿಕ್. ಹಾಡು ನಿಂತಿತು. ವಿಡಿಯೋದಲ್ಲಿದ್ದವನ ಬಲಗೈ ಮೇಲೆದ್ದು ಗಾಳಿಯಲ್ಲಿ ನಿಂತಿತು, ನಾಲ್ಕು ಎಣಿಸಿತು, ಸೀದಾ ಡ್ರಮ್ಮಿನ ಮೇಲೆ ಬಿತ್ತು. ಅಂಚಿನ ಹತ್ತಿರಕ್ಕೂ ಹೋಗಲಿಲ್ಲ.

“ಇದನ್ನೂ ಎಡಿಟ್ ಮಾಡಿರಬಹುದು” ಎಂದ ಸಾದಿಕ್.

“ನೋಡ್ಕ” ಎಂದು ಅರುಣ್ ಕುಮಾರ್ ಚಿತ್ರವನ್ನು ದೊಡ್ಡದು ಮಾಡಿದ. ಹೆಬ್ಬೆರಳಿಗೆ ಬ್ಯಾಂಡೇಜ್ ಸುತ್ತಿತ್ತು. ಆ ದಿನ ಬೆಳಿಗ್ಗೆ ಅಮ್ಮ ಶಹರಬಾನು ಸುತ್ತಿ ಕಳಿಸಿದ್ದು, ಸೀರೆಯ ಹಸಿರು ತುಂಡಿನಲ್ಲಿ. ಅವಳ ಗಂಟು ಬೇರೆ ಯಾರೂ ಹಾಕುವಂಥದಲ್ಲ.

ಹದಿನಾಲ್ಕನ್ನೂ ನೋಡಿದ. ಒಂದೊಂದನ್ನೂ ಎರಡೆರಡು ಸಲ. ಯಾರೂ ಏನನ್ನೂ ಕದ್ದಿರಲಿಲ್ಲ.

ಫೋನ್ ಇನ್ನೂ ಸ್ಪೀಕರಿನಲ್ಲೇ ಇತ್ತು. “ಹೇಳೋದು ಹೆಂಗೆ ಅಂತ ಗೊತ್ತಾಗ್ಲಿಲ್ಲ ಕಣಲೇ” ಎಂದ ಕೆಂಚೇಶ್. “ಜರ್ಮನೀಲಿ ಜನ ಅದಕ್ಕೇ ಕಾಯ್ತಾರೆ. ಬೇಕಾದ್ರೆ ಲೆಕ್ಕ ಇಟ್ಕಂಡು ಹೊಡಿ, ಯಾರಿಗೆ ಗೊತ್ತಾಗ್ತದೆ?”

“ನಿಂಗೆ ಗೊತ್ತಾಯ್ತಲ್ಲ” ಎಂದ ಸಾದಿಕ್.

ಸಂಜೆ ಮನೆಗೆ ಬಂದಾಗ ಕರೀಮ್ ಅಂಗಳದಲ್ಲಿ ಕೂತು ಡ್ರಮ್ಮಿನ ಹಗ್ಗ ಬಿಗಿಯುತ್ತಿದ್ದ. ಕ್ಲಾರಿಯೊನೆಟ್ ನುಡಿಸುವ ರಂಗಣ್ಣ ಪಕ್ಕದಲ್ಲಿ ಚಹಾ ಹೀರುತ್ತಿದ್ದ.

“ಅಬ್ಬಾ, ನಾಳೆ ಉಬ್ರಾಣಿ ಮದುವೆಗೆ ನಾನೂ ಬರ್ತೀನಿ” ಎಂದ ಸಾದಿಕ್ ಅಪ್ಪನಿಗೆ.

ಕರೀಮ್ ಹಗ್ಗ ಬಿಡಲಿಲ್ಲ. ಮದುವೆಗೆ ಬಾರಿಸುವುದನ್ನು ಬಿಟ್ಟ ಮೂರು ವರ್ಷದಲ್ಲಿ ಮಗ ಹೀಗೆ ಕೇಳಿದ್ದಿಲ್ಲ. “ಯಾಕೆ? ಅಲ್ಲೇನಾಯ್ತು?”

“ಏನಿಲ್ಲ.”

“ಜರ್ಮನಿಗೆ ಹೋಗೋನು ಉಬ್ರಾಣಿಗೆ ಬರ್ತಾನಂತೆ” ಎಂದ ರಂಗಣ್ಣ. “ವೀಸಾ ಮಾಡ್ಸೀಯೇನಪ್ಪ? ಅಲ್ಲಿ ಬಾಜಾದವರು ಊಟಕ್ಕೆ ಮೊದಲು ಕೂತರೆ ವಾಪಸ್ ಕಳಿಸ್ತಾರೆ ನೋಡು.”

ಕರೀಮ್ ನಗಲಿಲ್ಲ. ಮಗನ ಮುಖವನ್ನು ಒಂದು ಗಳಿಗೆ ನೋಡಿ, ಬಿಗಿದ ಡ್ರಮ್ಮನ್ನು ಅವನ ಕಡೆ ತಳ್ಳಿದ. “ಮುಂದೆ ನಿಲ್ತೀಯಾ?”

“ನಿಲ್ತೀನಿ.”

ಮರುದಿನ ಹನ್ನೊಂದು ಗಂಟೆಗೆ ಉಬ್ರಾಣಿಯಲ್ಲಿ ದಿಬ್ಬಣ ಹೊರಟಿತು. ಮೂರನೇ ಬೀದಿಗೆ ತಿರುಗಿದಾಗ ಒಂದು ಮನೆಯ ಮುಂದೆ ಶಾಮಿಯಾನ, ಬೆಂಚು, ತಲೆ ತಗ್ಗಿಸಿ ಕೂತ ಗಂಡಸರು ಕಂಡರು. ಕರೀಮ್ ಕೈ ಎತ್ತಿದ. ಬಾಜಾ ನಿಂತಿತು.

ಎಲ್ಲರೂ ಸುಮ್ಮನೆ ನಡೆದರು. ಮನೆ ದಾಟಿ ಇಪ್ಪತ್ತು ಹೆಜ್ಜೆ ಬಂದ ಮೇಲೆ ಸಾದಿಕ್ ನಿಂತ. ಕೋಲು ಅಂಚಿನಿಂದ ಒಂದು ಬೆರಳು ಮೇಲಿತ್ತು. ತಲೆಯೊಳಗೆ ಎಣಿಕೆ ತಾನಾಗಿ ಶುರುವಾಯಿತು. ಒಂದು, ಎರಡು, ಮೂರು, ನಾಲ್ಕು. ಅವನು ಹೊಡೆಯಲಿಲ್ಲ. ಮತ್ತೆ ಶುರುವಾಯಿತು. ಅವನು ಹಲ್ಲು ಕಚ್ಚಿ ನಿಂತ.

“ಏನ್ರೀ ಸಾಬ್ರೆ, ಮುಹೂರ್ತ ಮೀರ್ತದೆ” ಎಂದು ಮದುಮಗನ ಕಡೆಯವನೊಬ್ಬ ಮುಂದೆ ಬಂದ. ರಂಗಣ್ಣ ಕ್ಲಾರಿಯೊನೆಟ್ ತುಟಿಗಿಟ್ಟವನು ಕಣ್ಣಲ್ಲೇ ಕರೀಮ್‌ನನ್ನು ಕೇಳಿದ. ಕರೀಮ್ ಮಗನ ಕಡೆ ನೋಡದೆ, ಎತ್ತಿದ ಕೈಯನ್ನು ಹಾಗೇ ಹಿಡಿದ. ಹಿಂದಿನವರು ಒಬ್ಬೊಬ್ಬರಾಗಿ ಮನೆ ದಾಟಿ ಬಂದು ಆ ಕೈ ಕೆಳಗೆ ಕೂಡಿಕೊಳ್ಳತೊಡಗಿದರು.

ಸಾದಿಕ್ ಕಣ್ಣು ಮುಚ್ಚಿದ. ಹಿಂದಿನಿಂದ ಬೂಟುಗಳ ಸದ್ದು ಬಂತು, ಆಮೇಲೆ ಕಾಲುಂಗುರ, ರೇಷ್ಮೆ ಸೀರೆಯ ಸರಭರ. ಅದರ ಹಿಂದೆ, ತುಂಬ ಹಿಂದೆ, ಯಾವುದೋ ಮುದುಕಿಯ ಹವಾಯಿ ಚಪ್ಪಲಿ ಎಳೆದೆಳೆದು ಬರುತ್ತಿತ್ತು. ಶಾಮಿಯಾನದ ಎದುರು ಅದು ನಿಂತಿತು. ಚಪ್ಪಲಿ ಕೈಗೆ ತೆಗೆದುಕೊಂಡಳೋ ಏನೋ, ಬರಿಗಾಲು ಮಣ್ಣು ಒತ್ತುವುದಷ್ಟೇ ಕೇಳಿಸಿತು. ಅವನು ಎಣಿಕೆ ಮರೆತು, ಆ ಕಾಲು ಮನೆ ದಾಟುವುದನ್ನು ಕೇಳುತ್ತ ನಿಂತ.