ಸಾಗುವಾನಿ ಮೇಜಿನ ಅಂಟು

ಊರು ಬಿಟ್ಟು ಬಂದು ನೆಲೆಸಿದ್ದ ಸರ್ವೋತ್ತಮನಿಗೆ ಮಹಾಪೆಯಲ್ಲಿ ಸಣ್ಣದೊಂದು ಫರ್ನಿಚರ್ ವರ್ಕ್‌ಶಾಪ್ ಇತ್ತು. ಹೆಂಡತಿ ಉಮಾವತಿಯ ಅಣ್ಣ ಪುಂಡರೀಕಾಕ್ಷ ಸೀವುಡ್ಸ್‌ನಲ್ಲಿ ಹೋಟೆಲು ತೆರೆಯಲು ಹೊರಟಾಗ ಮೇಜುಗಳ ಕೆಲಸ ಬೇರೆಯವರಿಗೆ ಹೋಗುವ ಪ್ರಶ್ನೆಯೇ ಇರಲಿಲ್ಲ. ಸಾಗುವಾನಿ ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ ಮಾಡುವ ಮೇಜು.

ಹೋಟೆಲಿನ ಮೇಜೆಂದರೆ ಬೆಳಗಿನಿಂದ ರಾತ್ರಿಯವರೆಗೆ ಒದ್ದೆ ಬಟ್ಟೆಯ ಕೆಳಗೇ ಇರುವಂಥದ್ದು. ಸರ್ವೋತ್ತಮ ಮರದ ತುಂಡುಗಳನ್ನು ಎರಡು ಬಗೆಯ ಅಂಟಿನಿಂದ ಕೂಡಿಸಿ, ಒಣಗಿದ ಮೇಲೆ ಬಿಸಿನೀರಿನಲ್ಲಿ ಮುಳುಗಿಸಿಟ್ಟ. ಸಾದಾ ಬಿಳಿ ಅಂಟಿನ ಜೋಡಣೆ ಕೈಯಲ್ಲಿ ಎಳೆದರೆ ಬಿಟ್ಟುಕೊಂಡಿತು. ಎರಡು ಡಬ್ಬಿಯದನ್ನು ಬೆರೆಸಿ ಹಚ್ಚಿದ್ದು ಸುತ್ತಿಗೆಯ ಪೆಟ್ಟಿಗೂ ಜಗ್ಗಲಿಲ್ಲ.

"ಇದೇ ಆಗ್ಬೇಕು ಭಾವ," ಎಂದ. "ಆದ್ರೆ ಇಡೀ ದಿನ ಕ್ಲಾಂಪ್‌ನಲ್ಲಿ ಬಿಗಿದು ಇಡ್ಬೇಕು. ಅರ್ಜೆಂಟ್ ಮಾಡಿದ್ರೆ ಆಗುದಿಲ್ಲ."

"ಅದೆಲ್ಲ ನಿಮಗೇ ಬಿಟ್ಟದ್ದು," ಎಂದು ನಕ್ಕ ಪುಂಡರೀಕಾಕ್ಷ.

ಹೋಟೆಲಿನ ಮುಹೂರ್ತ ಹತ್ತಿರವಾಗುತ್ತ ಬಂತು. ಸರ್ವೋತ್ತಮ ಮರ ನೋಡಲು ಕಲ್ಯಾಣ್‌ಗೆ ಹೋಗಿ ಬಂದಾಗ ಮೇಜುಗಳನ್ನೆಲ್ಲ ಕೂಡಿಸಿಯಾಗಿತ್ತು. ಬಿಚ್ಚಿದ ಕ್ಲಾಂಪುಗಳು ಆಗಲೇ ಗೋಡೆಯಲ್ಲಿ ತೂಗುತ್ತಿದ್ದವು.

"ನಿಮ್ಮ ಭಾವನೋರು ಬಂದಿದ್ರರಿ," ಎಂದ ಕೆಲಸದ ಹುಲಗಪ್ಪ. "ನೀವು ಹೂಂ ಅಂದೀರಂತ ಹೇಳಿದ್ರು. ಬಿಳಿ ಅಂಟು ಹಚ್ಚಿ ಎಲ್ಲಾ ಮುಗಿಸಿಬಿಟ್ಟೀವಿ."

ಸರ್ವೋತ್ತಮ ಕೂಡಲೇ ಪುಂಡರೀಕಾಕ್ಷನಿಗೆ ಫೋನು ಮಾಡಿದ. ಜೋಡಣೆ ಸೀಳಿ ಮತ್ತೆ ಮಾಡುತ್ತೇನೆ ಎಂದ.

"ಪಾಲಿಶ್ ಹೊಡೆದ ಮೇಲೆ ಯಾರಿಗೆ ಕಾಣ್ತದೆ ಮಾರಾಯ್ರೆ? ಮೊದಲು ಓಪನಿಂಗ್ ಆಗ್ಲಿ. ಮತ್ತೆ ಒಂದೊಂದೇ ತಕ್ಕೊಂಡು ಹೋಗಿ ಸರಿ ಮಾಡಿ."

ಸರ್ವೋತ್ತಮ ಆ ಮಾತು ನಂಬಿದ. ಹೋಟೆಲು ಭರ್ಜರಿಯಾಗಿ ನಡೆಯಿತು. ಮೇಜು ಒಯ್ಯಲು ಟೆಂಪೋ ಕಳಿಸಿದಾಗಲೆಲ್ಲ ಪುಂಡರೀಕಾಕ್ಷ "ಇವತ್ತು ರಶ್ ಉಂಟು" ಎಂದು ಖಾಲಿ ತಿರುಗಿಸಿ ಕಳಿಸಿದ.

ಮಳೆಗಾಲ ಬಂತು. ಒಂದು ಸಂಜೆ ಮೇಜೊಂದು ನಡುವೆ ಬಿರಿದು, ಕುದಿಯುವ ಚಹಾದ ಕೆಟಲ್ ನಿವೃತ್ತ ಮೇಷ್ಟ್ರೊಬ್ಬರ ತೊಡೆಯ ಮೇಲೆ ಮಗುಚಿತು. ಸರ್ವೋತ್ತಮ ಹೋಟೆಲಿಗೆ ಧಾವಿಸಿದಾಗ ಅವರನ್ನು ಆಸ್ಪತ್ರೆಗೆ ಒಯ್ದಾಗಿತ್ತು. ಅವರ ಮಗ ಗಲ್ಲಾದ ಮುಂದೆ ಕೂಗಾಡುತ್ತಿದ್ದ. ಪುಂಡರೀಕಾಕ್ಷ ಸರ್ವೋತ್ತಮನತ್ತ ಬೆರಳು ತೋರಿಸಿದ.

"ಯಹೀ ಹೈ ಮಿಸ್ತ್ರಿ. ಗೋಂದ್ ಇಸೀ ಕಾ ಥಾ."

ಬಡಗಿ ಇವನೇ, ಅಂಟೂ ಇವನದೇ ಎಂದ; ಭಾವ ಎನ್ನಲಿಲ್ಲ, ಹೆಸರೂ ಹೇಳಲಿಲ್ಲ. ಮಗ ಅಂಗಿಯ ಕಾಲರು ಹಿಡಿದಾಗ ಸರ್ವೋತ್ತಮ ಪುಂಡರೀಕಾಕ್ಷನ ಮುಖವನ್ನೇ ನೋಡಿದ. ಅವನು ತಲೆ ತಗ್ಗಿಸಿ ಬಿಲ್ಲು ಬರೆಯತೊಡಗಿದ.

ಐರೋಲಿಯ ಮನೆಗೆ ಬಂದು ಸರ್ವೋತ್ತಮ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದ. ಅಂಟು ಬದಲಾಯಿಸಿದ್ದು ತಾನಲ್ಲ ಎಂದ.

"ನಂಗೆ ಗೊತ್ತುಂಟು," ಎಂದಳು ಉಮಾವತಿ. "ಅಣ್ಣ ಆವತ್ತೇ ಹೇಳಿದ್ದ. ಮೇಜು ರಿಪೇರಿಗೆ ವಾಪಸ್ ಕಳಿಸುದಿಲ್ಲ ಅಂತ್ಲೂ ಹೇಳಿದ್ದ."

"ಗೊತ್ತಿದ್ದೂ ನಂಗೆ ಹೇಳಲಿಲ್ಲವಾ?"

"ಹೇಳಿದ್ರೆ ನೀವು ಮೇಜು ಕೊಡ್ತಿದ್ರಾ? ಮುಹೂರ್ತ ತಪ್ಪುತ್ತಿತ್ತು. ನೀವೇ ಒಪ್ಪಿಕೊಂಡುಬಿಡಿ. ಅವನಿಗೆ ಹೋಟೆಲ್ ನಡೀಬೇಕು. ನಿಮ್ಮ ಹೆಸರು ಇಲ್ಲಿ ಯಾರಿಗೆ ಗೊತ್ತುಂಟು?"

ಮರುದಿನ ಸರ್ವೋತ್ತಮ ಆಸ್ಪತ್ರೆಗೆ ಹೋದ. ತೊಡೆಗೆ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದ ಮೇಷ್ಟ್ರಿಗೆ ನಿಜ ಹೇಳಬೇಕೆಂದಿದ್ದ. ಅವರು ಕಣ್ಣು ತೆರೆದು, "ನಿಮ್ಮ ಹೋಟೆಲ್ ಸೇಠ್ ಬಂದಿದ್ದರು. ಎಲ್ಲ ಹೇಳಿದರು. ನೀವು ಹೋಗಿ," ಎಂದು ಹಿಂದಿಯಲ್ಲಿ ಹೇಳಿ ಗೋಡೆಯ ಕಡೆ ಹೊರಳಿದರು.

ಹೋಟೆಲಿಗೆ ಗ್ರಾನೈಟ್ ಮೇಜುಗಳು ಬಂದವು. ಊರ ಕಡೆಯ ಹೋಟೆಲಿನವರು ಒಬ್ಬೊಬ್ಬರಾಗಿ ಸರ್ವೋತ್ತಮನಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದರು. ಈಗ ಅವನು ಯಂತ್ರಗಳನ್ನು ತುಂಬಿ ಕಳಿಸುವ ಪ್ಯಾಕಿಂಗ್ ಪೆಟ್ಟಿಗೆ ಮಾಡುತ್ತಾನೆ. ಚೌತಿಗೆ ಉಮಾವತಿ ಒಬ್ಬಳೇ ಅಣ್ಣನ ಮನೆಗೆ ಹೋಗುತ್ತಾಳೆ. ಅವಳು ತಂದ ಕಡುಬನ್ನು ಸರ್ವೋತ್ತಮ ಬೇಡವೆನ್ನುವುದಿಲ್ಲ. ತಿಂದು, ಕೈ ತೊಳೆದು, ಹೊರಗೆ ಹೋಗುತ್ತಾನೆ.