ಮೂರನೇ ಸಾಲಿನ ಸೀಟು

ಡೀಸೆಲ್ ವ್ಯಾನುಗಳ ವಿಷಯದಲ್ಲಿ ನನ್ನ ಹತ್ತಿರ ಯಾರೂ ವಾದಕ್ಕೆ ಬರಬಾರದು. ಮೂವತ್ತನಾಲ್ಕು ವರ್ಷ ಡೀಸೆಲ್ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಕೈ ಕಪ್ಪು ಮಾಡಿಕೊಂಡವನು ನಾನು. ಅದರ ಜೊತೆಗೆ ಹದಿನಾಲ್ಕು ವರ್ಷಗಳಿಂದ ಒಂದು ಮಾಸಪತ್ರಿಕೆಗೆ ವಾಹನಗಳ ತಾಂತ್ರಿಕ ಪರಿಚಯ ಬರೆಯುತ್ತಿದ್ದೇನೆ. ಲೇಖನದ ಕೆಳಗೆ ‘ರಾಮಪ್ರಸಾದ, ಜಯನಗರ’ ಎಂದು ಹೆಸರು, ಪಕ್ಕದಲ್ಲೇ ಫೋನ್ ನಂಬರು. ಮನೆಮಂದಿಗೆಲ್ಲ ಆಗುವಂಥ ಎಂಟು ಸೀಟಿನ ಗಾಡಿ ಕೊಳ್ಳುವವರು ಷೋರೂಮಿಗೆ ಹೋಗುವ ಮೊದಲು ನನಗೆ ಫೋನ್ ಮಾಡುತ್ತಾರೆ. ಅದರ ಬಗ್ಗೆ ನನಗೆ ಜಂಬ ಇತ್ತು. ಇತ್ತು ಎಂದೇ ಹೇಳಬೇಕು, ಈಗ ಇಲ್ಲ.

ಕಳೆದ ತಿಂಗಳು ಒಂದು ಕಂಪನಿಯವರು ಹೊಸ ಡೀಸೆಲ್ ವ್ಯಾನನ್ನು ಒಂದು ದಿನದ ಮಟ್ಟಿಗೆ ಪರೀಕ್ಷೆಗೆ ಕೊಡುವುದಾಗಿ ಹೇಳಿದರು. ನಾನು ಹಿಗ್ಗಿದ್ದು ಗಾಡಿಗಾಗಿ ಅಲ್ಲ. ನನ್ನ ಹೆಂಡತಿ ಕಾತ್ಯಾಯಿನಿ ನನ್ನ ಜೊತೆ ಊರು ದಾಟಿ ಎರಡು ವರ್ಷವಾಗಿತ್ತು. ಎಲ್ಲಿಗೆ ಕರೆದರೂ ಒಂದೇ ಮಾತು: “ನೀವು ಹೋಗ್ಬನ್ನಿ.” ಮೂರು ವರ್ಷದ ಹಿಂದೆ ಅಮ್ಮ ತೀರಿಕೊಂಡಳಲ್ಲ, ಮನೆ ಖಾಲಿಯಾದ ಮೇಲೆ ಇವಳಿಗೆ ತಿರುಗಾಟದ ಆಸೆಯೇ ಹೋಯಿತು ಅಂತ ನಾನು ತಿಳಿದಿದ್ದೆ. ಈ ಸಲ ನಾವಿಬ್ಬರೇ, ಕನಕಪುರ ರಸ್ತೆ ಹಿಡಿದು ಸಂಗಮದವರೆಗೆ ಹೋಗಿ, ನದಿಯ ಹತ್ತಿರ ಕೂತು ಮೊಸರನ್ನ ತಿಂದು ಬರಬೇಕು. ಹೇಗಾದರೂ ಅವಳನ್ನು ಒಪ್ಪಿಸಲೇಬೇಕು ಅಂದುಕೊಂಡೆ.

ನನ್ನ ಕೆಲಸದ ರೀತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಪರೀಕ್ಷೆಗೆ ಬಂದ ಪ್ರತಿ ವ್ಯಾನಿನಲ್ಲೂ ನಾನು ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೊರಡುತ್ತಿದ್ದೆ. ಬೇಲೂರು, ಮಡಿಕೇರಿ, ಬಿಳಿಗಿರಿರಂಗನ ಬೆಟ್ಟ. ಖಾಲಿ ಗಾಡಿ ಓಡಿಸಿ ಬರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಭಾರ ತುಂಬಿದಾಗ ಘಾಟಿಯಲ್ಲಿ ಇಂಜಿನ್ ಏದುಸಿರು ಬಿಡುತ್ತದೋ ಇಲ್ಲವೋ ನೋಡಬೇಕು. ಮುಂದೆ ನನ್ನ ಪಕ್ಕ ಅಮ್ಮ, ಏಕೆಂದರೆ ಅಮ್ಮನಿಗೆ ಬೇರೆಲ್ಲಿ ಕೂತರೂ ವಾಂತಿ. ನಡುವಿನ ಸಾಲಿನಲ್ಲಿ ಅಕ್ಕ, ಭಾವ, ಕಿಟಕಿ ಬೇಕೆನ್ನುವ ನನ್ನ ಮಗಳು ಸುರಭಿ. ಮನೆ ಅಳಿಯನನ್ನು ಹಿಂದೆ ಕೂರಿಸುವುದುಂಟೆ? ಉಳಿದದ್ದು ಮೂರನೇ ಸಾಲು. ಅಲ್ಲಿ ಕಾತ್ಯಾಯಿನಿ, ಅವಳ ಜೊತೆ ನೀರಿನ ಕ್ಯಾನು, ಪುಳಿಯೋಗರೆ ಡಬ್ಬಿ, ಎಲ್ಲರ ಸ್ವೆಟರುಗಳು.

ಇಂಜಿನ್ನಿನ ಎಳೆತ, ಗೇರು, ಬ್ರೇಕು ಎಲ್ಲವನ್ನೂ ನಾನೇ ನೋಡುತ್ತಿದ್ದೆ. ಶಬ್ದ ಅಳೆಯುವ ಮೀಟರು ಇತ್ತು, ಅದನ್ನು ಡ್ರೈವರ್ ಕಿವಿಯ ಹತ್ತಿರ ಹಿಡಿಯುತ್ತಿದ್ದೆ. ಡಿಕ್ಕಿಯನ್ನು ಟೇಪು ಹಾಕಿ ಅಳೆಯುತ್ತಿದ್ದೆ. ಮೂರನೇ ಸಾಲನ್ನು ಮಾತ್ರ ಓಡುವ ಗಾಡಿಯಲ್ಲಿ ನಾನು ಒಂದು ಸಲವೂ ಕೂತು ನೋಡಿರಲಿಲ್ಲ, ಓಡಿಸುವವನು ನಾನೇ ತಾನೆ. ಊರಿಗೆ ವಾಪಸಾದ ಮೇಲೆ ನಡುಮನೆಯಲ್ಲಿ ಎಲ್ಲರೂ ಕಾಫಿ ಕುಡಿಯುವಾಗ, “ಹಿಂದೆ ಹೇಗಿತ್ತೇ?” ಎಂದು ಹೆಂಡತಿಯನ್ನು ಕೇಳುತ್ತಿದ್ದೆ. “ಚೆನ್ನಾಗಿತ್ತು” ಅನ್ನುತ್ತಿದ್ದಳು. ನಾನು ಬರೆಯುತ್ತಿದ್ದೆ: ‘ಮೂರನೇ ಸಾಲು ದೊಡ್ಡವರಿಗೂ ಆರಾಮ. ದೂರದ ಪ್ರಯಾಣದಲ್ಲೂ ದೂರುಗಳಿಲ್ಲ.’ ಇಪ್ಪತ್ತೊಂದು ವ್ಯಾನುಗಳಿಗೆ ಇದೇ ಮಾತು.

ಹೊಸ ವ್ಯಾನು ಬರುವ ಎರಡು ದಿನ ಮೊದಲು ಅರೆಕೆರೆಯಿಂದ ಇಂದ್ರಾಣಿ ಎಂಬ ಹೆಂಗಸು ಫೋನ್ ಮಾಡಿದಳು. ಟೈಲರಿಂಗ್ ಅಂಗಡಿ ಇಟ್ಟುಕೊಂಡವಳಂತೆ. ನನ್ನ ಲೇಖನ ಓದಿ ಅವಳ ಮನೆಯವರು ವ್ಯಾನು ಕೊಂಡಿದ್ದರು.

“ಸಾರ್, ಮಾದಪ್ಪನ ಬೆಟ್ಟಕ್ಕೆ ಹೋಗ್ಬಂದ್ವಿ. ಹಿಂದಿನ ಸೀಟಲ್ಲಿ ನಾನೇ ಕೂತಿದ್ದು. ಮೂರು ದಿನ ಮೆಷಿನ್ ತುಳಿಯಕ್ಕೆ ಆಗ್ಲಿಲ್ಲ. ನೀವು ಆರಾಮ ಅಂತ ಬರ್ದಿದ್ದೀರ. ನೀವೇ ಕೂತು ನೋಡಿದ್ರಾ ಸಾರ್?”

ನಾನು, “ನಮ್ಮ ಮನೆಯವರು ಕೂತಿದ್ರಮ್ಮ. ಅವರು ಏನೂ ತೊಂದರೆ ಹೇಳ್ಲಿಲ್ಲ” ಅಂದೆ.

“ಹಂಗಾರೆ ಅವ್ರಿಗೇ ಫೋನ್ ಕೊಡಿ ಸಾರ್. ಹೆಂಗೆ ಕೂತ್ಕೋಬೇಕು ಅಂತ ಕೇಳ್ಕೋತೀನಿ.”

ಹೆಣ್ಣುಮಗಳು ನನ್ನನ್ನು ಕೆಣಕುತ್ತಿದ್ದಾಳೆ ಅನ್ನಿಸಿ ಸಿಟ್ಟೇ ಬಂತು. ಕೇಳಿಕೊಳ್ಳಲಿ, ಬುದ್ಧಿ ಬರಲಿ ಅಂತ ಅಡುಗೆಮನೆಗೆ ಹೋಗಿ ಕಾತ್ಯಾಯಿನಿಯ ಕೈಗೆ ಫೋನ್ ಕೊಟ್ಟು ಬಂದೆ. ಐದು ನಿಮಿಷ ಆಯಿತು, ಹತ್ತು ಆಯಿತು. ಒಳಗಿನಿಂದ ನಗು ಕೇಳಿಸಿತು. ಪೇಪರು ಕೈಯಲ್ಲಿ ಹಿಡಿದು ನಾನು ಕಿವಿಯನ್ನು ಆ ಕಡೆಗೆ ಇಟ್ಟೆ.

“ಅಯ್ಯೋ, ಆ ಸೀಟು ಹಿಂದಿನ ಚಕ್ರದ ನೆತ್ತಿ ಮೇಲೇ ಬರುತ್ತೆ ಕಣಮ್ಮ. ಹಂಪು ಸಿಕ್ಕಿದ್ರೆ ಮುಂದಿನೋರು ಒಂದು ಸಲ ಹಾರಿದ್ರೆ ನಾವು ಎರಡು ಸಲ ಹಾರ್ತೀವಿ... ಹೂಂ, ನೆಲ ಎತ್ತರ, ಮಂಡಿ ಬಂದು ಎದೆಗೆ ತಾಗುತ್ತೆ. ಎಲ್ಲಾ ವ್ಯಾನಲ್ಲೂ ಅಷ್ಟೇ... ಎ.ಸಿ. ಗಾಳಿ ಮಧ್ಯದೋರ ತಲೆ ದಾಟಿ ಬರಲ್ಲ. ಕಿಟಕಿ ತೆಗೆಯೋಣ ಅಂದ್ರೆ ಅದು ಬರೀ ಗಾಜು... ನಾನು ಒಂದು ದಿಂಬು ಸೊಂಟಕ್ಕೆ ಕಟ್ಕೋತಿದ್ದೆ, ಸೆರಗಿನ ಒಳಗೆ, ಯಾರಿಗೂ ಕಾಣ್ದಂಗೆ. ನಿಂಬೆಹಣ್ಣು ಮೂಸ್ತಾ ಇರ್ಬೇಕು. ನೀರು ಕುಡೀಬೇಡಿ, ಮಧ್ಯದ ಸೀಟು ಮಡಚದೆ ಇಳಿಯಕ್ಕಾಗಲ್ಲ, ಮಲಗಿರೋ ಭಾವನವರನ್ನ ಹೇಗೆ ಎಬ್ಬಿಸ್ತೀರಿ?... ಅವ್ರು ಮುಂದೆ ಏನೋ ಹೇಳಿ ಎಲ್ರೂ ನಗ್ತಾರೆ. ನಮಗೆ ಇಂಜಿನ್ ಗೊರಗೊರ ಬಿಟ್ರೆ ಇನ್ನೇನೂ ಕೇಳಲ್ಲ. ಸುಮ್ನೆ ನಾವೂ ನಗೋದು.”

ನಲವತ್ತು ನಿಮಿಷ ಮಾತಾಡಿದಳು. ನಾನು ಹದಿನಾಲ್ಕು ವರ್ಷದಲ್ಲಿ ಬರೆದ ಯಾವ ತಾಂತ್ರಿಕ ಪರಿಚಯವೂ ಇಷ್ಟು ಕರಾರುವಾಕ್ಕಾಗಿರಲಿಲ್ಲ. ನನ್ನ ಮುಖ ಕಾದ ಹಂಚಿನಂತಾಗಿತ್ತು. ಫೋನ್ ತಂದು ಕೊಟ್ಟಾಗ ಕೇಳಿದೆ: “ನನಗ್ಯಾಕೆ ಒಂದು ಸಲಾನೂ ಹೇಳ್ಲಿಲ್ಲ?”

“ನೀವು ಕೇಳ್ತಿದ್ದಿದ್ದು ಎಲ್ಲಿ? ನಡುಮನೇಲಿ, ಅತ್ತೆ ಮುಂದೆ, ಭಾವನವರ ಮುಂದೆ. ನನಗೆ ಆಗಲ್ಲ ಅಂದಿದ್ರೆ ಅವ್ರಲ್ಲಿ ಯಾರು ಹಿಂದೆ ಹೋಗ್ಬೇಕಿತ್ತು ಹೇಳಿ?”

“ಆಮೇಲೆ ಹೇಳ್ಬಹುದಿತ್ತಲ್ಲ.”

“ಆಮೇಲೆ ನೀವು ಬರೆಯಕ್ಕೆ ಕೂರ್ತಿದ್ರಿ. ನಾನು ಡಬ್ಬಿ ತೊಳೀತಿದ್ದೆ.” ಅವಳ ದನಿಯಲ್ಲಿ ಕಹಿ ಇರಲಿಲ್ಲ, ಅದೇ ನನಗೆ ಚುಚ್ಚಿತು. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು.

ಆಗಲೇ ಇನ್ನೊಂದು ವಿಷಯವೂ ಹೊರಬಿತ್ತು. ಎರಡು ವರ್ಷದ ಹಿಂದೆ ಅವಳು ಸೊಂಟ ನೋವೆಂದು ಸುರಭಿಯ ಜೊತೆ ಡಾಕ್ಟರ ಹತ್ತಿರ ಹೋಗಿದ್ದು ನನಗೆ ಗೊತ್ತಿತ್ತು. ಈ ವಯಸ್ಸಿಗೆ ಯಾರಿಗಿಲ್ಲ ಸೊಂಟ ನೋವು, ಬಿಸಿನೀರಿನ ಚೀಲ ಇಟ್ಟುಕೋ ಅಂದಿದ್ದೆ. ಬೆನ್ನುಮೂಳೆಯ ಡಿಸ್ಕು ಜರುಗಿದೆ, ಅರ್ಧ ಗಂಟೆಯ ಮೇಲೆ ಒಂದೇ ಕಡೆ ಕೂರಬಾರದು, ದೂರದ ಪ್ರಯಾಣ ಬಿಟ್ಟುಬಿಡಿ ಎಂದು ಡಾಕ್ಟರು ಹೇಳಿದ್ದರಂತೆ. ಊರು ತಿರುಗುವ ಆಸೆ ಅವಳಿಗೆ ಹೋಗಿರಲಿಲ್ಲ. ಹೋಗುವ ಹಾಗಿರಲಿಲ್ಲ, ಅಷ್ಟೆ.

ಆದರೆ ನಾನು ಇಂಜಿನಿಯರು. ಅದೂ ಎಂಥ ಕಾಯಿಲೆ ನೋಡಿ, ಪಶ್ಚಾತ್ತಾಪ ಪಡುವಾಗಲೂ ಲೆಕ್ಕ ಬಿಡುವುದಿಲ್ಲ. ಹೊಸ ವ್ಯಾನಿನ ಪುಸ್ತಕ ಹರಡಿಕೊಂಡು ಅವಳ ಎದುರು ಕೂತೆ. ಇದು ಲಾರಿ ಥರದ ಚಾಸಿಯಲ್ಲ, ಕಾರಿನ ಹಾಗೆ ಒಂದೇ ಅಚ್ಚಿನ ಬಾಡಿ, ಕುಲುಕಾಟ ಅರ್ಧಕ್ಕರ್ಧ ಕಡಿಮೆ. ಮುಂದಿನ ಸೀಟಿನಲ್ಲಿ ಗಾಳಿ ತುಂಬಿ ಸೊಂಟಕ್ಕೆ ಆಸರೆ ಕೊಡುವ ದಿಂಬಿದೆ. ಮೆಟ್ಟಿಲು ಗಿಡ್ಡ. ನಡುವೆ ಎರಡು ಕಡೆ ನಿಲ್ಲಿಸಿಕೊಂಡು ಹೋದರೆ ಸಂಗಮ ಏನು ಮಹಾ ದೂರ? “ನೀನು ಮುಂದೆ ಕೂರು. ಗಾಡಿ ತರೋ ಡ್ರೈವರೇ ಓಡಿಸ್ಲಿ, ನಾನು ಮೂರನೇ ಸಾಲಲ್ಲಿ ಕೂರ್ತೀನಿ” ಅಂದೆ. ಅವಳು ನನ್ನನ್ನೇ ನೋಡಿ ಜೋರಾಗಿ ನಕ್ಕುಬಿಟ್ಟಳು. “ನಿಮ್ಮ ಹೊಟ್ಟೆ ಅಲ್ಲಿ ಹಿಡಿಯುತ್ತಾ?” ಅಂದಳು. ಆದರೂ ಒಪ್ಪಿದಳು.

ಕಂಪನಿಯಿಂದ ವ್ಯಾನು ತಂದ ಡ್ರೈವರು ಸುಭಾಷ್, ಸುದ್ದಗುಂಟೆಪಾಳ್ಯದವನು, ನಡುವಯಸ್ಸಿನ ಮಾತುಗಾರ. ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಕಾತ್ಯಾಯಿನಿ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ನಾನು ನಡುವಿನ ಸೀಟು ಮಡಚಿ, ಅಡ್ಡಡ್ಡ ತೂರಿಕೊಂಡು ಹಿಂದೆ ಹೋಗಿ ಕೂತೆ. ಮಂಡಿ ಎದೆಗೆ ತಾಗಿತು.

ಸಾರಕ್ಕಿ ಸಿಗ್ನಲ್ ದಾಟುವಷ್ಟರಲ್ಲಿ ನನ್ನ ತೊಡೆ ಮರಗಟ್ಟಿತ್ತು. ಕೋಣನಕುಂಟೆ ಕ್ರಾಸಿನ ಹತ್ತಿರ ರಸ್ತೆ ಅಗೆದು ಮುಚ್ಚಿದ್ದ ಕಡೆ ತಲೆ ಚಾವಣಿಗೆ ಬಡಿಯಿತು. ಮುಂದೆ ಕಾತ್ಯಾಯಿನಿ ಏನೋ ತೋರಿಸಿ ಸುಭಾಷನನ್ನು ಕೇಳುತ್ತಿದ್ದಳು, ಅವನು ಏನೋ ಹೇಳಿದ, ಇಬ್ಬರೂ ನಕ್ಕರು. ನನಗೆ ಒಂದಕ್ಷರ ಕೇಳಲಿಲ್ಲ. ಕಿವಿಯ ತುಂಬ ಚಕ್ರದ ಮೊರೆತ. ಅರ್ಧ ಬೆಳ್ಳಗಾದ ಅವಳ ಜಡೆ ಮಾತ್ರ ಸೀಟಿನ ಪಕ್ಕದಲ್ಲಿ ಕಾಣುತ್ತಿತ್ತು. ಹತ್ತು ಕಿಲೋಮೀಟರಿಗೇ ನನಗೆ ಇಳಿದರೆ ಸಾಕಾಗಿತ್ತು. ಇವಳು ಇಲ್ಲಿ ಕೂತು ಮಡಿಕೇರಿ ಘಾಟಿ ಹತ್ತಿದ್ದಳು, ಇಳಿದ ಕೂಡಲೇ ಎಲ್ಲರಿಗೂ ಎಲೆ ಹಾಕಿ ಬಡಿಸಿದ್ದಳು. ನನಗೆ ಅಳು ಬಂತು, ತಡೆಯಲು ಹೋಗಲಿಲ್ಲ. ಹಿಂದೆ ಕೂತವರು ಅತ್ತರೆ ಯಾರಿಗೂ ಕಾಣುವುದಿಲ್ಲ.

ತಲಘಟ್ಟಪುರದ ಹತ್ತಿರ ಗಾಡಿ ಎಡಕ್ಕೆ ಸರಿದು ನಿಂತಿತು. ಸುಭಾಷ್ ಹಿಂದಕ್ಕೆ ತಿರುಗಿ, “ಸಾರ್, ಮೇಡಂಗೆ ಆಗ್ತಿಲ್ವಂತೆ” ಅಂದ.

ನಾನು ಹೊರಗೆ ಬರುವಷ್ಟರಲ್ಲಿ ಅವಳು ಇಳಿದು, ಬಾಗಿಲು ಹಿಡಿದು ಸ್ವಲ್ಪ ಬಗ್ಗಿ ನಿಂತಿದ್ದಳು. ಹಣೆಯ ಕುಂಕುಮದ ಸುತ್ತ ಬೆವರು. “ಸೀಟು ಚೆನ್ನಾಗಿದೆ ರೀ. ನನ್ನ ಸೊಂಟವೇ ಚೆನ್ನಾಗಿಲ್ಲ” ಅಂದಳು. ವಾಚು ನೋಡಿದೆ. ಟ್ರಾಫಿಕ್ ಸೇರಿ ನಲವತ್ತೈದು ನಿಮಿಷವಾಗಿತ್ತು. ಸಂಗಮಕ್ಕೆ ಇನ್ನೂ ಎಂಬತ್ತು ಕಿಲೋಮೀಟರು. ಅದು ಆಗುವ ಮಾತಲ್ಲ ಎಂದು ಇಬ್ಬರಿಗೂ ಗೊತ್ತಾಯಿತು.

“ತಪ್ಪಾಯ್ತು ಕಣೆ” ಅಂದೆ. ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದ ನೆನಪಿಲ್ಲ.

ಅವಳು ಸೆರಗಿನಿಂದ ಹಣೆ ಒರೆಸಿಕೊಂಡಳು. “ನನಗೆ ಸಿಟ್ಟಿಲ್ಲ. ಒಂದೇ ಒಂದು ಬೇಜಾರು. ಬೇಲೂರು ನೋಡ್ದೆ, ಮಡಿಕೇರಿ ನೋಡ್ದೆ. ದಾರಿ ಒಂದೂ ನೋಡ್ಲಿಲ್ಲ. ಕಣ್ಣು ಬಿಟ್ರೆ ವಾಂತಿ ಬರೋದು ಅಂತ ಎಲ್ಲಾ ಕಡೆಗೂ ಕಣ್ಣು ಮುಚ್ಕೊಂಡೇ ಹೋಗ್ಬಂದೆ. ಅತ್ತೆ ಬಂದು, ಆ ಘಾಟಿ ನೋಡಿದ್ಯಾ, ಆ ಕೆರೆ ನೋಡಿದ್ಯಾ ಅಂತಿದ್ರು. ಹೂಂ ಅಂತಿದ್ದೆ.”

ನಾನು ಒಳಗೆ ಹತ್ತಿ ನಡುವಿನ ಸೀಟುಗಳನ್ನು ಪೂರ್ತಿ ಹಿಂದಕ್ಕೆ ಬಗ್ಗಿಸಿ ಹಾಸಿಗೆಯಂತೆ ಮಾಡಿದೆ. ಈ ಗಾಡಿಯಲ್ಲಿ ಆ ಅನುಕೂಲವೂ ಇತ್ತು. ಸುಭಾಷನ ಜಾಕೆಟ್ಟನ್ನು ಮಡಚಿ ತಲೆದಿಂಬು ಮಾಡಿದೆ. “ಬಾ, ಇಲ್ಲಿ ಮಲಕ್ಕೋ. ಮನೆ ತನಕ ನೋವಾಗಲ್ಲ” ಅಂದೆ.

ಅವಳು ಒಳಗೆ ಇಣುಕಿ ನೋಡಿದಳು. ಆಮೇಲೆ ಮುಂದಿನ ಬಾಗಿಲಿನ ಹಿಡಿ ಹಿಡಿದು, ಹಲ್ಲು ಕಚ್ಚಿ, ಒಂದೊಂದೇ ಕಾಲು ಎತ್ತಿಟ್ಟು ಮತ್ತೆ ಮುಂದೆಯೇ ಹತ್ತಿ ಕೂತಳು.

“ಡಾಕ್ಟರು ಏನಂದಿದ್ದಾರೆ? ಹಟ ಮಾಡ್ಬೇಡ ಕಾತ್ಯಾಯಿನಿ.”

“ಮಲಗಿದ್ರೆ ರಸ್ತೆ ಕಾಣಲ್ಲ ರೀ” ಅಂದಳು. “ನೋವು ಇನ್ನು ಹೇಗೂ ಮನೇಲೂ ಇರುತ್ತೆ.”

ಸುಭಾಷ್ ಗಾಡಿಯನ್ನು ತಿರುಗಿಸಿ ಸಿಟಿ ಕಡೆಗೆ ಹಿಡಿದ. ನಾನು ಅವಳ ಬೆನ್ನ ಹಿಂದಿನ ಸೀಟಿನಲ್ಲಿ ಕೂತು, ಸೀಟಿನ ಸಂದಿಯಿಂದ ಕೈ ತೂರಿಸಿ ಅವಳ ಸೊಂಟಕ್ಕೆ ಅಂಗೈ ಒತ್ತಿ ಹಿಡಿದೆ. ಪ್ರತಿ ಹಂಪಿಗೂ ಆ ಬೆನ್ನು ಕಲ್ಲಿನ ಹಾಗೆ ಬಿಗಿಯಾಗುತ್ತಿತ್ತು. ಎದುರಿನ ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು, ಕಣ್ಣು ಅರಳಿಸಿಕೊಂಡು ಬಸ್ಸು, ಮರ, ಮೆಟ್ರೊ ಕಂಬ ಒಂದನ್ನೂ ಬಿಡದೆ ನೋಡುತ್ತಿದ್ದಳು. ಅವಳಿಗೆ ತೋರಿಸಲು ನನ್ನ ಹತ್ತಿರ ಉಳಿದಿದ್ದ ದಾರಿ ಅಷ್ಟೇ, ತಲಘಟ್ಟಪುರದಿಂದ ಜಯನಗರದವರೆಗೆ, ಹನ್ನೊಂದು ಕಿಲೋಮೀಟರು. ನಿಧಾನಕ್ಕೆ ಹೋಗಪ್ಪ ಅಂತ ನಾನು ಸುಭಾಷನಿಗೆ ಎರಡು ಸಲ ಹೇಳಿದೆ.